ಮೆಟ್ಟಿಲ ಮೇಲೆ ಸಾಹೇಬರು ಸಿಕ್ಕರೆ

ನಾನು ಹುಟ್ಟಾ ಪುಕ್ಕಲ. ಕೊರಿಯರ್‌ನವನು ನನ್ನ ಹೆಸರು ಕೂಗಿದರೂ ಏನು ತಪ್ಪು ಮಾಡಿದೆನೋ ಎಂದು ಯೋಚಿಸುವ ಆಸಾಮಿ. ಇಂಥ ನಾನೇ ನಮ್ಮ ಸಾಹೇಬರಿಗೆ, "ಆ ಸಿನಿಮಾ ನೋಡಿ ಸಾರ್, ನಿಮ್ಮಂಥೋರೇ ನೋಡ್ಬೇಕು" ಎಂದುಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ನಮ್ಮದು ಬೋಗಾದಿಯಲ್ಲಿ ಮಹಡಿ ಮೇಲಿನ ಪುಟ್ಟ ಕಂಪನಿ. ಟ್ಯಾಂಕು ತುಂಬಿದ ಕೂಡಲೇ ಮೋಟಾರನ್ನು ತಾನೇ ನಿಲ್ಲಿಸುವ ಡಬ್ಬಿಯೊಂದನ್ನು ಸಾಹೇಬರು ಮೂರು ವರ್ಷದಿಂದ ತಯಾರಿಸುತ್ತಿದ್ದರು. ಸೋಮವಾರ ಅದನ್ನು ಗಿರಾಕಿಗೆ ತೋರಿಸುವುದಿತ್ತು. ಶುಕ್ರವಾರ ಆಯುಧಪೂಜೆ. ಪೂಜೆ ಯಾವಾಗಲೂ ನನ್ನದೇ. ಹೊಸ ಡಬ್ಬಿಗೆ ಕುಂಕುಮವೊಂದೇ ಸಾಲದೆಂದು ಗಂಧವನ್ನು ಧಾರಾಳವಾಗಿ, ಸರಿಯಾಗಿ ಗುಂಡಿಯ ಮೇಲೇ ಬಳಿದೆ. ಶನಿವಾರ ದಸರೆಯ ರಜೆಯಿದ್ದರೂ ಹೋಗಿ ಒತ್ತಿ ನೋಡಿದರೆ ಗುಂಡಿ ಕಚ್ಚಿಕೊಂಡು ಕೂತಿದೆ. ಯಾರಿಗೂ ಹೇಳದೆ, ಮೇಲೆ ಮೇಲೆ ಒರೆಸಿಟ್ಟು ಮನೆಗೆ ಬಂದೆ.

ಭಾನುವಾರ ಸಾಹೇಬರು ನಮ್ಮೆಲ್ಲರನ್ನೂ ನಾನು ಹೇಳಿದ್ದ ಆ ಸಿನಿಮಾಕ್ಕೆ ಕರೆದೊಯ್ದರು. ಅದರ ನಾಯಕ ದೊಡ್ಡ ಕಂಪ್ಯೂಟರ್ ಉದ್ಯಮಿ. ನಾಳೆಯ ಯಂತ್ರ ಅವನಿಗೆ ಇವತ್ತೇ ಕಾಣುತ್ತದೆ, ಎದುರಿಗಿರುವ ಮನುಷ್ಯ ಕಾಣುವುದಿಲ್ಲ. ತನ್ನ ತಪ್ಪನ್ನು ಪಕ್ಕದವರ ತಲೆಗೆ ಕಟ್ಟುತ್ತಾನೆ. ಯಂತ್ರ ಕೈಕೊಟ್ಟಿತೆಂದು ಹಿರಿಯ ನೌಕರನೊಬ್ಬನನ್ನು ಮೆಟ್ಟಿಲ ಮೇಲಿಂದಲೇ ಮನೆಗೆ ಕಳಿಸುತ್ತಾನೆ. ಆ ದೃಶ್ಯ ಬಂದಾಗ ಸಾಹೇಬರು ಫೋನ್ ತೆಗೆದು ಏನೋ ಬರೆದುಕೊಂಡರು. ನಾನು ಪಾಪ್‌ಕಾರ್ನ್ ಪೊಟ್ಟಣವನ್ನು ಪಕ್ಕದವರಿಗೆ ದಾಟಿಸಿದೆ.

ಸೋಮವಾರ ಬೆಳಿಗ್ಗೆ ತಡೆಯಲಾರದೆ, ವೈರಿಂಗ್ ನೋಡಿಕೊಳ್ಳುವ ಫಿಲೋಮಿನಾಗೆ ಎಲ್ಲ ಹೇಳಿದೆ.

"ಒಪ್ಕೊಂಡ್ಬುಡಿ ಸಾರ್. ಏನು, ನುಂಗ್ಬುಡ್ತಾರಾ?"

"ಐವತ್ತೆರಡು ವರ್ಷದೋನಿಗೆ ಇನ್ನೆಲ್ಲಿ ಕೆಲಸ ಸಿಗುತ್ತೆ ಕಣಮ್ಮ" ಎಂದೆ. ಅಷ್ಟರಲ್ಲಿ ಸಾಹೇಬರು ಬಂದರು. ಮೈಮೇಲೆ ಸಿನಿಮಾದವನಂಥದ್ದೇ ಕರಿ ಟೀಶರ್ಟು. ನಾನು ಫಿಲೋಮಿನಾಳ ಹಿಂದೆ ಸರಿದು ನಿಂತೆ.

ನಮ್ಮ ಗಿರಾಕಿ, ಮನೆ ಕಟ್ಟಿಸುವ ಗುತ್ತಿಗೆದಾರರು, ದಟ್ಟಗಳ್ಳಿಯಿಂದ ಬಂದು ಕೂತರು. ಸಾಹೇಬರು ಗುಂಡಿ ಒತ್ತಿದರು. ಒತ್ತಿದರು, ಮತ್ತೆ ಒತ್ತಿದರು. ಉಗುರಿನಿಂದ ಕೆರೆದು ಮೂಸಿ ನೋಡಿ, "ಯಾರ್ರೀ ಇದಕ್ಕೆ ಗಂಧ ಬಳಿದೋರು?" ಎಂದರು. ನನಗೆ ಸ್ವರ ಹೊರಡಲಿಲ್ಲ. ಹೊರಟದ್ದು ಬೆರಳು. ಅದು ನೇರವಾಗಿ ಫಿಲೋಮಿನಾಳನ್ನು ತೋರಿಸಿತು.

"ಅವರ ಚರ್ಚಲ್ಲಿ ಯಾವಾಗಿಂದ ಆಯುಧಪೂಜೆ ಶುರುವಾಯ್ತು ಸ್ವಾಮಿ?" ಎಂದರು ಸಾಹೇಬರು, ನನ್ನನ್ನೇ ನೋಡುತ್ತ. ಗುತ್ತಿಗೆದಾರರು ನಕ್ಕು, "ನಮ್ ಜೆಸಿಬಿಗೂ ಹಿಂಗೇ ಮಾಡಿದ್ರು ಬುಡಿ" ಎಂದರು. ಫಿಲೋಮಿನಾ ಡಬ್ಬಿ ಬಿಚ್ಚಿ ಗುಂಡಿ ಸರಿಮಾಡಿಕೊಟ್ಟಳು. ಟ್ಯಾಂಕು ತುಂಬಿದ್ದೇ ಮೋಟಾರು ತಾನೇ ನಿಂತಿತು.

ಸಂಜೆ ಮೆಟ್ಟಿಲ ಮೇಲೆ ಸಾಹೇಬರು ನನ್ನನ್ನು ನಿಲ್ಲಿಸಿದರು. ಮುಗಿಯಿತು ಎಂದುಕೊಂಡೆ. ಅವರು ಫೋನ್ ಮುಂದೆ ಹಿಡಿದರು. "ಯಾರನ್ನೂ ಹೀಗೆ ಕಳಿಸಬಾರದು" ಎಂದು ಬರೆದುಕೊಂಡಿದ್ದರು. "ಆ ಹೀರೋ ಕೊನೇಲಿ ಒಬ್ಬನೇ ಊಟ ಮಾಡ್ತಾನೆ ಕಣ್ರೀ. ನನಗೆ ನೋಡೋಕಾಗ್ಲಿಲ್ಲ" ಎಂದು ಕೆಳಗಿಳಿದು ಹೋದರು.

ಆ ನಾಯಕನ ಬುದ್ಧಿ ಕಲಿತು ಬಂದವನು ಇಡೀ ಕಂಪನಿಯಲ್ಲಿ ನಾನೊಬ್ಬನೇ ಎಂದಾಯಿತು. ಫಿಲೋಮಿನಾ ಬೈಯಲಿಲ್ಲ. ದಿನಾ ಬೆಳಿಗ್ಗೆ "ಬಂದ್ರಾ ಹೀರೋ" ಎನ್ನುತ್ತಾಳೆ, ಅಷ್ಟೇ. ಈಗ ಸಾಹೇಬರು ಎದುರಾದರೆ ನನಗೆ ಭಯವಿಲ್ಲ. ಅವಳು ಮೆಟ್ಟಿಲ ಮೇಲಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹತ್ತುತ್ತೇನೆ.