ಮನೆ ನೋಡಲು ಬಂದ ಡಾಕ್ಟರಮ್ಮ

ಕೆಲಸ ಹುಡುಕುವವನು ಮೊದಲು ಆ ಸಂಗತಿಯನ್ನು ಕಂಡಕಂಡವರಿಗೆಲ್ಲ ಹೇಳಬೇಕಂತೆ. ಪುರಸಭೆಯವರ ಪುಕ್ಕಟೆ ತರಗತಿಯಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಹೀಗೆಂದಿದ್ದ. "ನಾಚ್ಕೋಬೇಡಿ, ನೆರೆಹೊರೆಯವರೇ ನಿಮ್ಮ ಬಲ" ಎಂದೂ ಸೇರಿಸಿದ್ದ. ಆ ಹುಡುಗ ನಮ್ಮ ಬೆಟ್ಟದೂರು ಮನಿಸಾಲೆಸ್ಸಿನ ಮೆಟ್ಟಿಲು ಬೀದಿಯಲ್ಲಿ ಒಂದು ದಿನವೂ ಬಾಳಿದವನಲ್ಲ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ.

ಎವೆಲಿಯೊ ಒಸ್ಪಿನಾ ಅವನ ಮಾತನ್ನು ನಂಬಿದ. ಪರದೆ ಬಟ್ಟೆಯ ಅಂಗಡಿ ಮುಚ್ಚಿ ಅವನ ಕೆಲಸ ಹೋಗಿ ವರ್ಷವಾಗುತ್ತ ಬಂದಿತ್ತು. ಮೊದಲೇ ಪುಕ್ಕಲ. ಸಂದರ್ಶನಕ್ಕೆ ಕುಳಿತರೆ ತನ್ನ ಹೆಸರು ಹೇಳಲೂ ತಡವರಿಸುತ್ತಿದ್ದ. ಕೊನೆಗೆ ಹೆಂಡತಿ ನೂಬಿಯಾ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು: "ಇದೊಂದು ನೋಡ್ತೀನಿ. ಇದೂ ಹೋದ್ರೆ ಸೋಮವಾರದ ಬಸ್ಸಿಗೆ ಇಸ್ಮಾಯೆಲ್ ಹತ್ರ ಹೊರಡಿ."

ಇಸ್ಮಾಯೆಲ್ ಅವಳ ಅಣ್ಣ, ಬೆಟ್ಟದ ಆಚೆ ಹಂದಿ ಸಾಕುತ್ತಾನೆ. ಒಮ್ಮೆ ಅಲ್ಲಿಗೆ ಹೋದಾಗ ದೊಡ್ಡ ಹಂದಿಯೊಂದು ಎವೆಲಿಯೊನನ್ನು ಬೇಲಿ ಹತ್ತಿಸಿ ಸಂಜೆಯವರೆಗೂ ಇಳಿಯಲು ಬಿಟ್ಟಿರಲಿಲ್ಲ. ಭಾವಮೈದುನ ಕೆಳಗೆ ನಿಂತು ನಕ್ಕಿದ್ದ. ಅಂದಿನಿಂದ ಹಂದಿಯೆಂದರೆ ಅವನ ಎದೆ ನಡುಗುತ್ತದೆ, ಭಾವಮೈದುನನೆಂದರೆ ಇನ್ನೂ ಒಂದು ಪಟ್ಟು ಹೆಚ್ಚು.

"ಇದೊಂದು" ಅಂದರೆ ಮನೆ ಸಾಮಾನು ಮಾರುವ ಕಂಪನಿಯೊಂದರ ಗೋದಾಮಿನ ಉಸ್ತುವಾರಿ ಕೆಲಸ. ಹೇಗೋ ಸಂದರ್ಶನ ಮುಗಿದಿತ್ತು. ಉಳಿದದ್ದು ಮನೆ ನೋಡುವ ಶಾಸ್ತ್ರ. ನಮ್ಮಲ್ಲಿ ಕೆಲಸ ಕೊಡುವ ಮುಂಚೆ ಕಂಪನಿಯವರು ಮನೆಗೇ ಬರುತ್ತಾರೆ. ನಾವು ಹೇಗೆ ಬಾಳುತ್ತೇವೆಂದು ನೋಡುತ್ತಾರೆ, ಫ್ರಿಜ್ಜಿನ ಬಾಗಿಲು ತೆಗೆಯುತ್ತಾರೆ, ನೆರೆಯವರನ್ನು ಕೇಳುತ್ತಾರೆ.

ಶುಕ್ರವಾರ ಬೆಳಿಗ್ಗೆ ಎವೆಲಿಯೊ ಬೇಕರಿಯಲ್ಲಿ ನಿಂತಿದ್ದಾಗ ಫೋನು ಬಂತು. "ಇವತ್ತು ಮಧ್ಯಾಹ್ನ ಮನೆ ನೋಡೋಕೆ ಬರ್ತೀವಿ." ಅವನ ಮುಖ ಬಿಳಿಚಿಕೊಂಡಿತು. ಏನಾಯಿತೆಂದು ಬೇಕರಿಯವಳು ಕೇಳಿದಳು. ತರಗತಿಯ ಪಾಠ ನೆನೆದು ಇದ್ದದ್ದೆಲ್ಲ ಹೇಳಿಬಿಟ್ಟ. ಅವನು ರೊಟ್ಟಿ ಹಿಡಿದು ಮೆಟ್ಟಿಲು ಹತ್ತಿ ಮನೆ ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಹತ್ತಿ ಬಂದಿತ್ತು.

ಎದುರುಮನೆಯ ದೋನ್ಯಾ ಲಿಹಿಯಾ ಆಗಲೇ ಅವನ ಮನೆಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಐವತ್ತು ದಾಟಿದ ವಿಧವೆ, ಗೌರವಕ್ಕೆ ಎಲ್ಲರೂ ‘ದೋನ್ಯಾ’ ಸೇರಿಸಿ ಕರೆಯುತ್ತಾರೆ. ಅವಳನ್ನು ಕೇಳದೆ ಬೀದಿಯಲ್ಲಿ ಮದುವೆಯೂ ಆಗುತ್ತಿರಲಿಲ್ಲ, ಜಗಳವೂ ನಡೆಯುತ್ತಿರಲಿಲ್ಲ.

"ಇದೇನು ಮನೇನೋ, ಬಸ್ ಸ್ಟಾಂಡೋ? ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು! ಫ್ರಿಜ್ ಎಲ್ಲಿ?"

"ಮಾರಿಬಿಟ್ವಿ, ದೋನ್ಯಾ ಲಿಹಿಯಾ."

"ಇದನ್ನ ನೋಡಿ ಅವರು ಕೆಲಸ ಕೊಡ್ತಾರಾ? ಹಸಿದೋನು ಗೋದಾಮಿಗೆ ಕನ್ನ ಹಾಕ್ತಾನೆ ಅಂತಾರೆ. ಸುಮ್ನೆ ಕೂತ್ಕೋ. ನಾನಿದೀನಿ."

ಆ ಕೊನೆಯ ಮಾತು ಕೇಳಿ ಎವೆಲಿಯೊ ಹೆಂಡತಿಯ ಪಕ್ಕಕ್ಕೆ ಸರಿದ. "ಸಿಕ್ಕಿಬಿದ್ರೆ ಏನು ಗತಿ?" ಎಂದು ಹೆಂಡತಿಯ ಕಿವಿಯಲ್ಲಿ ಉಸುರಿದ. "ಹಂದಿ" ಎಂದಳು ನೂಬಿಯಾ.

ಮೊದಲು ಬಂದದ್ದು ಚಮ್ಮಾರ ರೋಮುಲೊನ ಫ್ರಿಜ್ಜು, ಅದರ ಮೇಲೆ ಅವನದೇ ಒಂದು ಬಾಣಲೆ. ನಾಲ್ವರು ಹೆಣ ಹೊತ್ತಂತೆ ಹೊತ್ತು ತಂದರು. ಹಿಂದೆಯೇ ಮೇಲಿನ ಮನೆಯ ಓತಿಲಿಯಾಳ ಪಾತ್ರೆಗಳು, ಗಡಿಯಾರ, ಕಿಟಕಿ ಪರದೆ. ಆಮೇಲೆ ಲಿಹಿಯಾಳ ಮನೆಯ ಒರಗುಕುರ್ಚಿ. ಅದರಲ್ಲಿ ಅವಳ ಅಪ್ಪ ದೋನ್ ಅಬೆಲಾರ್ದೊ ಕುಳಿತೇ ಇದ್ದರು.

"ಅಪ್ಪ ಏಳಲ್ಲ ಅಂತಾರೆ. ಇರ್ಲಿ ಬಿಡು. ಮನೇಲಿ ಹಿರಿಯರು ಇದ್ರೆ ಲಕ್ಷಣವಾಗಿರುತ್ತೆ. ನಿಮ್ಮಪ್ಪ ಅಂತ ಹೇಳು."

"ನಮ್ಮಪ್ಪ ತೀರಿಕೊಂಡಿದಾರೆ ಅಂತ ಸಂದರ್ಶನದಲ್ಲಿ ಹೇಳಿದೀನಲ್ಲ!"

"ಹಂಗಾದ್ರೆ ಮಾವ ಅನ್ನು. ಎಲ್ಲಾದಕ್ಕೂ ಹೆದರ್ತೀಯಲ್ಲೋ!"

ಮೆಟ್ಟಿಲ ಮೇಲೆ ಹಿಮ್ಮಡಿಯ ಸದ್ದು ಕೇಳಿತು. ಕೋಟು ತೊಟ್ಟವರನ್ನೆಲ್ಲ ನಾವು ಡಾಕ್ಟರೆಂದೇ ಕರೆಯುವುದು. ಕಂಪನಿಯ ಡಾಕ್ಟರಮ್ಮ ಏದುಸಿರು ಬಿಡುತ್ತ ಒಳಗೆ ಬಂದಳು. ಎಳೆಯ ವಯಸ್ಸು, ನಗುಮುಖ. ಎವೆಲಿಯೊನ ಕಣ್ಣಿಗೆ ಮಾತ್ರ ಅವಳು ಯಮನ ಕಡೆಯವಳಂತೆ ಕಂಡಳು. ಎದುರುಮನೆಯವಳೆಂದು ಹೇಳಿಕೊಂಡು ಲಿಹಿಯಾ ಬಾಗಿಲ ಬಳಿಯೇ ನಿಂತಳು. ನೂಬಿಯಾ ಕಾಫಿ ಕೊಟ್ಟಳು.

"ಚೆನ್ನಾಗಿದೆ ಮನೆ" ಎಂದಳು ಡಾಕ್ಟರಮ್ಮ. "ಈ ತಾತ ಯಾರು?"

"ಮಾವ" ಎಂದ ಎವೆಲಿಯೊ. ಅದೇ ಹೊತ್ತಿಗೆ "ಇವರ ಚಿಕ್ಕಪ್ಪ" ಎಂದಳು ನೂಬಿಯಾ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಡಾಕ್ಟರಮ್ಮ ಫ್ರಿಜ್ಜಿನ ಕಡೆ ನಡೆದಳು. ಒಳಗೆ ಏನಿದೆಯೆಂದು ಯಾರೂ ನೋಡಿರಲಿಲ್ಲವೆಂಬುದು ಎವೆಲಿಯೊಗೆ ಆಗ ಹೊಳೆಯಿತು. ಅವಳು ಬಾಗಿಲು ತೆಗೆದಳು. ನಡು ಹಲಗೆಯ ಮೇಲೆ ಒಂದು ಇಡೀ ಹಂದಿಯ ತಲೆ ಕುಳಿತು, ಅರ್ಧ ಕಣ್ಣು ತೆರೆದು ನೇರ ಎವೆಲಿಯೊನನ್ನೇ ನೋಡುತ್ತಿತ್ತು. ಸೋಮವಾರದವರೆಗೆ ಕಾಯಲಾರದೆ ತನ್ನನ್ನು ಕರೆದೊಯ್ಯಲು ಬಂದೇಬಿಟ್ಟಿತೆಂದು ಅವನಿಗೆ ನಿಜಕ್ಕೂ ಅನ್ನಿಸಿತು. ಚೀರಿ, ಹಾರಿ, ಮುದುಕರ ಕುರ್ಚಿಯ ಹಿಂದೆ ಅಡಗಿದ.

ತೂಕಡಿಸುತ್ತಿದ್ದ ದೋನ್ ಅಬೆಲಾರ್ದೊಗೆ ಎಚ್ಚರವಾಯಿತು. "ಲಿಹಿಯಾ, ಯಾವನೇ ಇವನು? ನಮ್ಮನೆಗೆ ಯಾವಾಗ ಹೋಗೋದು? ಇಲ್ಲಿ ಚಳಿ ಕಣೇ."

ಅದು ಸಾಲದೆಂಬಂತೆ ರೋಮುಲೊ ಬಾಗಿಲಲ್ಲಿ ತಲೆ ತೂರಿಸಿದ. "ಮುಗೀತಾ? ನನ್ನ ಹೆಂಡ್ತಿ ಒಲೆ ಮೇಲೆ ನೀರಿಟ್ಟವ್ಳೆ, ತಲೆ ಕೊಡಿ." ಅವನ ಹಿಂದೆ ಓತಿಲಿಯಾ: "ಅವನು ತಗೊಂಡೋದ್ರೆ ನನ್ನ ಪಾತ್ರೆನೂ ಕೊಡಿ. ಏ ರೋಮುಲೊ, ಆ ಬಾಣಲೆ ನಂದು!" "ನಿಂದು ತೂತು ಬಾಣಲೆ ಕಣಮ್ಮ, ಇದು ನಂದು!"

ಎವೆಲಿಯೊ ಕುರ್ಚಿಯ ಹಿಂದಿನಿಂದ ಎದ್ದುಬಂದ. ಕಣ್ಣಲ್ಲಿ ನೀರಿತ್ತು. "ಡಾಕ್ಟರಮ್ಮಾ, ಇದ್ರಲ್ಲಿ ಯಾವುದೂ ನಮ್ದಲ್ಲ. ಹೆದರಿಕೆಗೆ ಹಿಂಗೆ ಮಾಡಿದ್ವಿ. ನನಗೆ ಈ ಕೆಲಸ ಬೇಕೇಬೇಕು."

ಡಾಕ್ಟರಮ್ಮ ಉತ್ತರ ಕೊಡುವ ಮುಂಚೆ ಲಿಹಿಯಾ ಚಪ್ಪಾಳೆ ತಟ್ಟಿದಳು. "ಬಾಯ್ಮುಚ್ಚಿ ಎಲ್ರೂ! ಹಿಡಿ ಸುಟ್ಟಿರೋ ಬಾಣಲೆ ರೋಮುಲೊದು, ಇನ್ನೊಂದು ಓತಿಲಿಯಾದು. ಗಡಿಯಾರ ಮೊದಲು ಹೋಗ್ಲಿ, ಒಡೆಯುತ್ತೆ. ಫ್ರಿಜ್ ಕೊನೇಗೆ, ಮೆಟ್ಟಿಲು ಖಾಲಿ ಆದ್ಮೇಲೆ. ಎವೆಲಿಯೊ, ಪರದೆ ಬಿಚ್ಚು!" ಕಾಫಿ ಆರುವಷ್ಟರಲ್ಲಿ ಒಂದೊಂದು ಸಾಮಾನೂ ತನ್ನ ಮನೆ ಸೇರಿತ್ತು. ಎವೆಲಿಯೊ ಪರದೆಯೊಳಗೆ ಸಿಕ್ಕಿಕೊಂಡು ಕೋಲಿನ ಸಮೇತ ಬಿದ್ದದ್ದು ಬಿಟ್ಟರೆ ಬೇರೆ ಅನಾಹುತ ಆಗಲಿಲ್ಲ.

ಡಾಕ್ಟರಮ್ಮ ಎಲ್ಲವನ್ನೂ ಗೋಡೆಗೊರಗಿ ನೋಡಿದಳು. ಹೊರಡುವಾಗ ಅವನ ಭುಜ ತಟ್ಟಿ ಹೇಳಿದಳು: "ನಾವು ಸಾಮಾನು ನೋಡೋಕೆ ಬರಲ್ಲ ಸಾರ್. ಮನುಷ್ಯರನ್ನ ನೋಡ್ತೀವಿ. ಎಷ್ಟೋ ದಿನದಿಂದ ಒಳ್ಳೆಯವರು ಸಿಗದೆ ಒದ್ದಾಡ್ತಿದ್ವಿ. ಇವತ್ತು ಸಿಕ್ಕಿದ್ರು, ಹೆದರಬೇಡಿ."

ಎವೆಲಿಯೊ ಹೆಂಡತಿಯನ್ನು ತಬ್ಬಿಕೊಂಡ. ವರ್ಷದಲ್ಲಿ ಮೊದಲ ಬಾರಿಗೆ ಅವನ ಎದೆ ಹಗುರಾಯಿತು. ಸಂಜೆಯವರೆಗೂ ಫೋನು ಹಿಡಿದೇ ಕುಳಿತ. ಫೋನು ಬರಲಿಲ್ಲ. ಬಂದವಳು ಲಿಹಿಯಾ, ತುಟಿಗೆ ಬಣ್ಣ ಹಚ್ಚಿಕೊಂಡು.

"ಎವೆಲಿಯೊ, ಬೇಜಾರ್ ಮಾಡ್ಕೋಬೇಡ ಕಣೋ. ಕಂಪನಿಯೋರು ಆ ಕೆಲಸಕ್ಕೆ ನನ್ನ ಕರೆದ್ರು. ಸಾಮಾನು ಯಾರದ್ದು, ಎಲ್ಲಿಗೆ ಹೋಗ್ಬೇಕು ಅನ್ನೋದು ಗೊತ್ತಿರೋರು ಬೇಕಂತೆ. ಆ ಹುಡುಗಿ ಮೆಟ್ಟಿಲ ಹತ್ರಾನೇ ಕೇಳಿದ್ಲು. ನಿನ್ನ ಬಗ್ಗೇನೂ ಒಳ್ಳೇದೇ ಹೇಳ್ದೆ. ಪರದೆ ವಿಷಯ ಅವಳೇ ಎತ್ತಿದ್ದು, ನಾನಲ್ಲ."

ಎವೆಲಿಯೊ ಹಿಡಿದಿದ್ದ ಫೋನನ್ನು ಮೇಜಿನ ಮೇಲಿಟ್ಟ.

"ಸೋಮವಾರ ನಮ್ಮನೆ ನೋಡೋಕೆ ಬರ್ತಾರಂತೆ. ನೆರೆಯವರನ್ನ ಕೇಳ್ತಾರಲ್ಲ, ನಿನ್ನ ಹೆಸರು ಕೊಟ್ಟಿದೀನಿ."

"ಸೋಮವಾರ ನಾನು ಇಸ್ಮಾಯೆಲ್ ಹತ್ರ..."

"ಮಂಗಳವಾರ ಹೋಗು. ಹಂದಿ ಎಲ್ಲಿಗೆ ಓಡಿಹೋಗ್ತವೆ?"

ಸೋಮವಾರ ಎವೆಲಿಯೊ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು, ಡಾಕ್ಟರಮ್ಮನ ಎದುರು ಕುಳಿತ. ಇನ್ನು ಹೆದರಲು ಏನೂ ಉಳಿದಿರಲಿಲ್ಲ. ಲಿಹಿಯಾಳ ಚುರುಕು, ನಿಯತ್ತು, ನೆನಪಿನ ಶಕ್ತಿ ಎಲ್ಲವನ್ನೂ ನಿರರ್ಗಳವಾಗಿ ಹೊಗಳಿದ. ಕೇಳಿದ ಪ್ರಶ್ನೆಗೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಕೊಟ್ಟ.

"ಅಬ್ಬಾ, ಎಷ್ಟು ಚೆನ್ನಾಗಿ ಮಾತಾಡ್ತೀರಿ!" ಎಂದಳು ಡಾಕ್ಟರಮ್ಮ. "ಅವತ್ತು ಸಂದರ್ಶನದಲ್ಲಿ ಹಿಂಗೇ ಮಾತಾಡಿದ್ರೆ, ಕಣ್ಣು ಮುಚ್ಚಿ ಕೆಲಸ ಕೊಟ್ಟು ಬಿಡ್ತಿದ್ವಿ. ಮನೆ ನೋಡೋಕೂ ಬರ್ತಿರಲಿಲ್ಲ."

ಮಂಗಳವಾರದ ಬಸ್ಸಿನಲ್ಲಿ ಎವೆಲಿಯೊಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು.