ಹದಿನೈದನೆಯವಳು

"ನಿಮಗೇನ್ರೀ, ಪುಣ್ಯ ಮಾಡಿದ್ದೀರಿ. ಗಂಡ ಟ್ರಾವೆಲ್ ಏಜೆಂಟು. ಪ್ರಪಂಚವೆಲ್ಲ ಪುಕ್ಕಟೆ!"

ಎದುರುಮನೆಯಾಕೆ ಇಪ್ಪತ್ತೈದು ವರ್ಷದಿಂದ ವಾರಕ್ಕೊಂದು ಸಲದಂತೆ ಈ ಮಾತು ಹೇಳುತ್ತಾ ಬಂದಿದ್ದಾರೆ. ಮೊದಮೊದಲು ಹಲ್ಲು ಕಿರಿಯುತ್ತಿದ್ದೆ. ಈಗ ಹಲ್ಲು ಕಡಿಯುತ್ತೇನೆ. ಪುಕ್ಕಟೆ ಅನ್ನೋದೇನೋ ನಿಜ. ಆದರೆ ಪುಕ್ಕಟೆ ಹೋಗುವವರು ನಮ್ಮ ಯಜಮಾನರು, ನಾನಲ್ಲ. ಒಳಗಿನ ಗುಟ್ಟು ಹೇಳಿಬಿಡುತ್ತೇನೆ, ಎದುರುಮನೆಗೆ ಮಾತ್ರ ಮುಟ್ಟಿಸಬೇಡಿ.

ಹದಿನೈದು ಜನರ ಗುಂಪು ಸೇರಿಸಿ ಕರೆದುಕೊಂಡು ಹೋದರೆ ಹದಿನಾರನೆಯವರಿಗೆ ಎಲ್ಲಾ ಕಡೆ ಮಾಫಿ. ಆ ಹದಿನಾರನೆಯ ಸೀಟಿನಲ್ಲಿ, ಕೈಯಲ್ಲೊಂದು ಕೆಂಪು ಬಾವುಟ ಹಿಡಿದು ಇವರು ವಿರಾಜಮಾನರಾಗುತ್ತಾರೆ. ಆದರೆ ಸಲಸಲಕ್ಕೂ ಹದಿನೈದು ಜನ ಎಲ್ಲಿಂದ ಬರಬೇಕು? ಒಮ್ಮೊಮ್ಮೆ ಎಣಿಕೆ ಹದಿನಾಲ್ಕಕ್ಕೇ ನಿಂತುಬಿಡುತ್ತದೆ. ಆಗ ಇವರು ಅಡುಗೆಮನೆ ಬಾಗಿಲಿಗೆ ಒರಗಿ, ದನಿಯಲ್ಲಿ ಬೆಣ್ಣೆ ಸವರಿಕೊಂಡು, "ನೀನೂ ಎಲ್ಲಾದ್ರೂ ಹೋಗಿ ಬಹಳ ದಿನ ಆಯ್ತಲ್ವೇನೇ?" ಅನ್ನುತ್ತಾರೆ. (ಮದುವೆಯಾದ ಹೊಸದರಲ್ಲಿ ನಾನು ಇದನ್ನು ಪ್ರೇಮ ಅಂದುಕೊಂಡಿದ್ದೆ.) ನನ್ನೊಬ್ಬಳ ಟಿಕೆಟ್ಟು ಕೊಂಡರೆ ಸಾಕು, ಇವರದು ಮಾಫಿ. ಒಂದರ ದುಡ್ಡಿಗೆ ಇಬ್ಬರು! ಹೋದ ಮೇಲೆ ಇವರು ಬಾವುಟದ ಜೊತೆ ಮುಂದೆ. ನಾನು ತಲೆ ಎಣಿಸುತ್ತಾ ಹಿಂದೆ. ಇರುಳು ನನಗೆ ರೂಮು ಯಾರ ಜೊತೆಗೆ ಅಂತೀರಿ? ಗೊರಕೆ ಹೊಡೆಯುವ ಒಂಟಿ ಅಜ್ಜಿಯ ಜೊತೆಗೆ.

ಇದು ಸಾಲದು ಅಂತ ಹೋಟೆಲ್ ಪರೀಕ್ಷೆ ಬೇರೆ. ಹೋಟೆಲಿನವರು ಏಜೆಂಟರನ್ನು ಕರೆದು ಒಂದು ರಾತ್ರಿ ಬಿಟ್ಟಿ ಇಟ್ಟುಕೊಳ್ಳುತ್ತಾರೆ, ಆಮೇಲೆ ಗಿರಾಕಿಗಳನ್ನು ಕಳಿಸಲಿ ಅಂತ. ಯಾಕೆಂದರೆ ಈ ಕಸುಬಿನಲ್ಲಿ ಟಿಕೆಟ್ಟಿನಿಂದ ಸಿಗುವುದು ಉಪ್ಪಿಗೆ ಸಾಲುವಷ್ಟು. ಊಟಕ್ಕೆ ಸಾಲುವಷ್ಟು ಸಿಗುವುದು ರೂಮಿನಿಂದ. ದಾರಿಯಲ್ಲಿ "ಹತ್ತೇ ನಿಮಿಷ" ಅಂತ ಇಳಿಸಿ ಒಂದೂವರೆ ಗಂಟೆ ಕೂಡಿಹಾಕುವ ಅಂಗಡಿ ಇದೆಯಲ್ಲ, ಅಲ್ಲಿ ನೀವು ಕೊಂಡ ಸಾಮಾನಿನ ಬೆಲೆಯಲ್ಲಿ ನಮ್ಮ ಮನೆ ಕರೆಂಟ್ ಬಿಲ್ಲೂ ಸೇರಿರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಎರಡು ವರ್ಷದ ಹಿಂದೆ ಸಮುದ್ರದ ದಡದ ಹೋಟೆಲೊಂದಕ್ಕೆ ಹೀಗೇ ಹೋಗಿದ್ದೆವು. ಇವರು ಹಾಸಿಗೆ ಅದುಮಿ ನೋಡುವುದು, ನಾನು ನಲ್ಲಿ ತಿರುಗಿಸಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ಒಂದೇ ದಿನ ಹನ್ನೊಂದು ಬಚ್ಚಲುಮನೆ ನೋಡಿದೆ, ಸಮುದ್ರ ನೋಡಲಿಲ್ಲ. ಅಲ್ಲಿನ ಏಳನೇ ನಂಬರ್ ರೂಮಿನ ಕಿಟಕಿ ತೆಗೆದರೆ ಎದುರಿಗೇ ಆನೆಗಾತ್ರದ, ಕಪ್ಪು ಬಣ್ಣದ ನೀರಿನ ಟ್ಯಾಂಕು! ಕತ್ತು ಹೊರಗೆ ಚಾಚಿ ಬಲಕ್ಕೆ ತಿರುಗಿಸಿದರೆ ಅಂಗೈಯಗಲ ಸಮುದ್ರ. ಬಾಡಿಗೆ ಮಾತ್ರ ಉಳಿದ ಸಮುದ್ರದ ರೂಮುಗಳಷ್ಟೇ.

"ಸೀಸನ್ನಿಗೆ ಹತ್ತು ರೂಮು ಒಟ್ಟಿಗೆ ಹಿಡಿದ್ರೆ ಅಗ್ಗಕ್ಕೆ ಕೊಡ್ತಾನಂತೆ. ಆದ್ರೆ ಇದೂ ಅದರಲ್ಲಿ ಬರುತ್ತೆ. ಯಾರ ತಲೆಗೆ ಕಟ್ಟೋದು ಇದನ್ನ?" ಅಂತ ಇವರು ಗಲ್ಲ ಕೆರೆದುಕೊಂಡರು.

"ಚೌಕಾಸಿ ಮಾಡದವರಿಗೆ ಕೊಡಿ. ದುಡ್ಡಿಗೆ ಜಗಳ ಆಡದವರು ಟ್ಯಾಂಕಿಗೂ ಜಗಳ ಆಡಲ್ಲ," ಅಂದೆ.

ಇವರು ಬೆರಗಾಗಿ ನನ್ನನ್ನೇ ನೋಡಿದರು. ಪ್ರತಿ ಸೀಸನ್ನಿಗೂ ಹತ್ತು ರೂಮು ಹಿಡಿಯುವುದೆಂದು ಒಪ್ಪಿಕೊಂಡು, ಆ ಮಾತನ್ನು ನನ್ನ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆಸಿದರು. ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಈ ವರ್ಷ ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತು. ನನಗೆ ಒಂದೇ ಆಸೆ. ಬಾವುಟ ಇಲ್ಲದ, ಅಜ್ಜಿ ಇಲ್ಲದ, ನೋಟ್‌ಬುಕ್ ಇಲ್ಲದ ಮೂರು ದಿನ. ಎರಡು ಕುರ್ಚಿ, ನಾವಿಬ್ಬರು, ಎದುರಿಗೆ ಸಮುದ್ರ. ಇವರನ್ನು ಕೇಳಿದರೆ ಕೆಟ್ಟೆ. ಕೂಡಲೇ ಹದಿನಾಲ್ಕು ಜನರನ್ನು ಹುಡುಕಲು ಹೊರಡುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಂತ ತೀರ್ಮಾನಿಸಿ, ಪರದೆ ಹೊಲಿದು ಕೂಡಿಟ್ಟ ದುಡ್ಡು ತೆಗೆದುಕೊಂಡು, ನಾಲ್ಕು ಬೀದಿ ಆಚೆ ಹೊಸದಾಗಿ ತೆರೆದಿದ್ದ ಇನ್ನೊಂದು ಏಜೆನ್ಸಿಗೆ ಹೋದೆ.

ಅಲ್ಲಿದ್ದವಳು ದಪ್ಪ ಕನ್ನಡಕದ ಹುಡುಗಿ. "ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ" ಅಂದಳು. ಫ್ಯಾನು ನನ್ನ ಕಡೆ ತಿರುಗಿಸಿದಳು. ತಣ್ಣನೆ ಜ್ಯೂಸು ತರಿಸಿದಳು. ಅಯ್ಯೋ, ಗಿರಾಕಿ ಅಂದರೆ ಇದೇನಾ! ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅದೇ ಸಮುದ್ರದ ಹೋಟೆಲು ಕೇಳಿದೆ, ಸಮುದ್ರದ ರೂಮೇ ಬೇಕು ಅಂದೆ. ಒಂದು ರಾತ್ರಿಗೆ ನಾಲ್ಕೂವರೆ ಸಾವಿರ ಅಂದಳು. ಇದರಲ್ಲಿ ಎಷ್ಟು ಗಾಳಿ, ಎಷ್ಟು ರೂಮು ಅಂತ ನನಗೆ ಗೊತ್ತಾಗದೆ ಏನು? ಆದರೆ ಜ್ಯೂಸು ಕುಡಿದ ಬಾಯಲ್ಲಿ ಚೌಕಾಸಿ ಮಾಡುವುದು ಹೇಗೆ? ಮೂರು ರಾತ್ರಿಯದು ಹದಿಮೂರೂವರೆ ಸಾವಿರ ಎಣಿಸಿ ಕೊಟ್ಟು, ಮಹಾರಾಣಿಯ ಹಾಗೆ ಎದ್ದು ಬಂದೆ.

ಸಂಜೆ ಇವರು ಬಾಗಿಲಲ್ಲೇ ಕುಣಿಯುತ್ತಾ ಬಂದರು. ಊಟಕ್ಕೆ ಕೂತರೂ ಬಾಯಿ ನಿಲ್ಲಲಿಲ್ಲ.

"ಏಳನೇ ನಂಬರು ಹೋಯ್ತು ಕಣೇ! ಸೀಸನ್ ಶುರುವಾದಾಗಿನಿಂದ ಕೈಯಿಂದ ಬಾಡಿಗೆ ಕಟ್ಟಿ ಸಾಕಾಗಿತ್ತು. ಆ ಹೊಸ ಏಜೆನ್ಸಿ ಹುಡುಗಿ ಫೋನ್ ಮಾಡಿದ್ಳು. ಅವಳ ಹತ್ರ ಆ ಹೋಟೆಲ್ ರೂಮಿಲ್ಲ, ನನ್ನ ಹತ್ರ ಕೊಂಡ್ಳು."

ನಾನು ಸೌಟು ಕೆಳಗಿಟ್ಟೆ. "ಗಿರಾಕಿ ಯಾರಂತೆ?"

"ಹೆಸರು ಹೇಳ್ತಾರೇನೇ? ಹೇಳಿದ್ರೆ ನಾವು ಹಾರಿಸಿಕೊಂಡು ಹೋಗ್ತೀವಿ ಅಂತ ಕೊನೇ ದಿನದವರೆಗೂ ಬಾಯಿ ಬಿಡಲ್ಲ. ಯಾರೋ ಒಬ್ಬ ಹೆಂಗಸಂತೆ, ಪಾಪ, ಒಂದು ಮಾತೂ ಆಡದೆ ದುಡ್ಡು ಎಣಿಸಿಕೊಟ್ಟಳಂತೆ. ತಕ್ಷಣ ನಿನ್ನ ಮಾತು ನೆನಪಾಯ್ತು ನೋಡು. ಚೌಕಾಸಿ ಮಾಡದವರಿಗೆ ಏಳನೇ ನಂಬರು!"

ಎದ್ದು ಹೋಗಿ ಪರ್ಸಿನಿಂದ ರಶೀದಿ ತಂದು ಇವರ ತಟ್ಟೆಯ ಪಕ್ಕ ಇಟ್ಟೆ.

ಇವರು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಕಟ್ಟಿಕೊಂಡವಳು ಮೋಸಹೋದಳಲ್ಲ ಅಂತ ಮರುಗುತ್ತಾರೆ ಅಂದುಕೊಂಡಿರಾ? "ನಾಲ್ಕೂವರೆ ಸಾವಿರ ತಗೊಂಡ್ಳಾ! ನನಗೆ ಮೂರು ಸಾವಿರದ ಆರುನೂರು ಕೊಡೋಕೆ ಅಷ್ಟು ಗೋಳಾಡಿದ್ಳು!" ಅಂತ ಕಿರುಚಿದರು.

"ಹೋಟೆಲಿನವನಿಗೆ ಎಷ್ಟು?"

"ಮೂರು ಸಾವಿರ. ಆರುನೂರು ನನಗೆ, ಒಂಬೈನೂರು ಅವಳಿಗೆ. ಮನೇಲಿ ಬಾಯಿ ಬಿಟ್ಟು ಕೇಳಿದ್ರೆ ಮೂರಕ್ಕೇ ಸಿಗ್ತಿತ್ತಲ್ಲೇ!"

"ಕೇಳಿದ್ರೆ ಹದಿನಾಲ್ಕು ಜನರನ್ನ ಗಂಟು ಹಾಕ್ತಿದ್ರಿ. ನನಗೆ ನೀವೊಬ್ಬರೇ ಬೇಕಿತ್ತು."

ಇವರು ರಶೀದಿ ಮಡಿಸಿ ನನ್ನ ಕಡೆ ಸರಿಸಿದರು.

"ಬೇರೆ ರೂಮು ಕೊಡ್ರೀ."

"ಒಂಬತ್ತೂ ಹೋಗಿವೆ."

"ರದ್ದು ಮಾಡಿ."

"ಹೋಗೋದಕ್ಕೆ ಹತ್ತು ದಿನವೂ ಉಳಿದಿಲ್ಲ, ಈಗ ರದ್ದು ಮಾಡಿದ್ರೆ ಒಂದು ಕಾಸೂ ವಾಪಸ್ಸಿಲ್ಲ," ಅಂದವರು ತಲೆ ತಗ್ಗಿಸಿಕೊಂಡು, "ಆ ಷರತ್ತು ನಾನೇ ಹಾಕಿದ್ದು" ಅಂದರು.

ಹೋದೆವು. ಬಾವುಟ ಮನೆಯಲ್ಲೇ ಉಳಿಯಿತು, ಅದಕ್ಕೆ ನಾನು ಬೀರುವಿಗೆ ಬೀಗ ಹಾಕಿದ್ದೇ ಕಾರಣ. ಏಳನೇ ನಂಬರ್ ರೂಮಿಗೆ ಕಾಲಿಡುತ್ತಲೇ ಇವರ ಕೈ ತಾನಾಗಿ ಹಾಸಿಗೆ ಅದುಮಿತು, ನನ್ನ ಕೈ ನಲ್ಲಿ ತಿರುಗಿಸಿತು. ಇಬ್ಬರೂ ನಾಚಿಕೊಂಡೆವು. ಕಿಟಕಿಯ ಬಳಿ ಎರಡು ಕುರ್ಚಿ ಎಳೆದು ಟ್ಯಾಂಕು ನೋಡುತ್ತಾ ಕೂತೆವು. ಸಮುದ್ರ ಬೇಕೆನಿಸಿದಾಗ ಸರದಿಯ ಮೇಲೆ ಕತ್ತು ಚಾಚಿದೆವು. ಎರಡನೇ ದಿನ ಮಧ್ಯಾಹ್ನ ಇವರು ಕುರ್ಚಿಯಲ್ಲೇ ನಿದ್ದೆ ಹೋದರು. ಹಗಲು ಹೊತ್ತಿನಲ್ಲಿ ಇವರು ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು. ಹದಿಮೂರೂವರೆ ಸಾವಿರ ವಸೂಲಾಯಿತು ಅಂದುಕೊಂಡೆ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಕನ್ನಡಕದ ಹುಡುಗಿ.

"ಮೇಡಂ, ರೂಮು ಹೇಗಿದೆ? ಏನಾದ್ರೂ ತೊಂದರೆ ಇದ್ರೆ ಹೇಳಿಬಿಡಿ. ನನಗೆ ಕೊಟ್ಟ ಏಜೆಂಟನ್ನ ಬಿಡಲ್ಲ, ಅರ್ಧ ದುಡ್ಡು ಕಕ್ಕಿಸ್ತೀನಿ!"

ಅರ್ಧ ದುಡ್ಡು! ನಾಲಿಗೆಯ ತುದಿಯವರೆಗೂ ಟ್ಯಾಂಕು ಬಂದಿತ್ತು. ತಿರುಗಿ ನೋಡಿದರೆ ಆ ಏಜೆಂಟು ಕಣ್ಣು ಬಿಟ್ಟುಕೊಂಡು ಎರಡೂ ಕೈ ಜೋಡಿಸಿದ್ದಾರೆ. ಕಕ್ಕಬೇಕಾದವರು ಇವರೇ ತಾನೆ? ಟ್ಯಾಂಕು ನುಂಗಿಕೊಂಡೆ.

"ತುಂಬಾ ಚೆನ್ನಾಗಿದೆಯಮ್ಮ," ಅಂದೆ.

"ಹಾಗಾದ್ರೆ ನಾಲ್ಕು ಸಾಲು ಬರೆದು ಕಳಿಸಿ ಮೇಡಂ. ನಮ್ಮ ಅಂಗಡೀಲಿ ತೂಗುಹಾಕ್ತೀನಿ."

ಬರೆದೆ. ಹೋಟೆಲು ಹೊಗಳಿ ಬರೆಯುವುದು ನನಗೇನು ಹೊಸದಲ್ಲ. 'ಯಾವ ಗಲಾಟೆಯೂ ಇಲ್ಲ. ಕಿಟಕಿ ತೆಗೆದರೆ ಎದುರಿಗೆ ನೀರು. ಇಪ್ಪತ್ತೈದು ವರ್ಷದಲ್ಲಿ ಇಂಥ ನೆಮ್ಮದಿ ಸಿಕ್ಕಿರಲಿಲ್ಲ. ಎಲ್ಲರೂ ಒಮ್ಮೆ ಹೋಗಿಬನ್ನಿ.' ಮೊದಲನೆಯದೂ ಮೂರನೆಯದೂ ಅಪ್ಪಟ ನಿಜ.

ಊರಿಗೆ ಬಂದು ಒಂದು ವಾರ. ಒಗೆದ ಬಟ್ಟೆ ಇನ್ನೂ ಮಡಿಸಿರಲಿಲ್ಲ. ಇವರು ಅಡುಗೆಮನೆ ಬಾಗಿಲಿಗೆ ಬಂದು ಒರಗಿದರು. ದನಿಯಲ್ಲಿ ಬೆಣ್ಣೆ.

"ನಿನ್ನ ನಾಲ್ಕು ಸಾಲು ಆ ಹುಡುಗಿ ಅಂಗಡೀಲಿ ಭಾರೀ ಕೆಲಸ ಮಾಡಿವೆ ಕಣೇ. ಒಂದು ದೊಡ್ಡ ಗುಂಪು ಅದೇ ಹೋಟೆಲಿಗೇ ಹೋಗಬೇಕು ಅಂತ ಹಟ ಹಿಡಿದಿದೆಯಂತೆ. ರೂಮು ನನ್ನ ಹತ್ರಾನೇ ಇರೋದಲ್ವಾ, ಗುಂಪನ್ನೇ ನನಗೆ ಒಪ್ಪಿಸಿದ್ಳು."

"ಒಳ್ಳೇದಾಯ್ತು. ಎಷ್ಟು ಜನ?"

ಇವರು ಬೀರುವಿನ ಬೀಗದ ಕೈಗಾಗಿ ಕೈ ಚಾಚಿದರು.

"ಹದಿನಾಲ್ಕು."