ರೋಡ್ ರೋಲರಿಗೆ ಗೀರೂ ಬೀಳಲಿಲ್ಲ

ವನಮಾಲಾ ಸುಮ್ಮನಿದ್ದರೆ ಅದು ಒಪ್ಪಿಗೆ ಎಂದು ಸತ್ಯಮೂರ್ತಿ ಹದಿನೆಂಟು ವರ್ಷ ತಿಳಿದಿದ್ದರು. ಈ ತಿಳಿವಳಿಕೆಯ ಮೇಲೆಯೇ ಅವರ ಸಂಸಾರ ಮೈಸೂರು ಬಿಟ್ಟು ಮುಂಬಯಿಗೆ ಬಂದದ್ದು, ಮಾಟುಂಗಾದ ಒಂದು ಕೋಣೆಯಿಂದ ದಹಿಸರಿನ ಎರಡು ಕೋಣೆಗೆ ಬಡ್ತಿ ಪಡೆದದ್ದು, ಕೊನೆಗೆ ಒಂದು ಹಳೆಯ ಫಿಯಟ್ ಕೊಂಡದ್ದು. ಪ್ರತಿ ಸಲವೂ ಸತ್ಯಮೂರ್ತಿ "ಏನಂತೀ?" ಎಂದು ಹೆಂಡತಿಯನ್ನು ಕೇಳುತ್ತಿದ್ದರು. ವನಮಾಲಾ ಏನೂ ಅನ್ನುತ್ತಿರಲಿಲ್ಲ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಗುತ್ತಿತ್ತು. ಫೋರ್ಟಿನ ಒಂದು ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಅವರು ಮಧ್ಯಾಹ್ನ ಉಡುಪಿ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಾ ಜೊತೆಯವರಿಗೆ ಹೇಳುತ್ತಿದ್ದರು: "ನಮ್ಮ ಮನೇಲಿ ಎರಡು ಮಾತಿಲ್ಲ ಕಣಯ್ಯಾ!"

ನಿಜ, ಎರಡಿರಲಿಲ್ಲ. ಇದ್ದ ಒಂದು ಅವರದೇ ಆಗಿತ್ತು.

ಆ ಫಿಯಟ್ ಇಡೀ ಬಿಲ್ಡಿಂಗಿಗೆ ಒಂದೇ ಕಾರು. ವಾರವೆಲ್ಲ ಲೋಕಲ್ ಟ್ರೇನಿನಲ್ಲಿ ಕಂಬಿ ಹಿಡಿದು ನೇತಾಡುವ ಸತ್ಯಮೂರ್ತಿ ಭಾನುವಾರ ಬೆಳಿಗ್ಗೆ ಬನಿಯನ್ನಿನಲ್ಲಿ ಇಳಿದು ಬಂದು ಅದಕ್ಕೆ ಅಭ್ಯಂಜನ ಮಾಡಿಸುತ್ತಿದ್ದರು. ಅದು ಬರುವ ಮುಂಚೆ ಬಿಲ್ಡಿಂಗಿನವರಿಗೆ ಅವರು ಮೂರನೇ ಮಹಡಿಯ ಮದ್ರಾಸಿ. ಬಂದ ಮೇಲೆ 'ಕಾರ್‌ವಾಲೇ ಸಾಬ್'! ಮನುಷ್ಯನಿಗೆ ಇನ್ನೇನು ಬೇಕು?

ಹೀಗಿರುವಾಗ ವನಮಾಲಾ ಯಾರಿಗೂ ಹೇಳದೆ ಕೇಳದೆ ಡ್ರೈವಿಂಗ್ ಕಲಿತುಬಿಟ್ಟರು. ಕೆಳಗಿನ ಮನೆಯ ಮೋಹಿನಿ ಸ್ಟೇಷನ್ ಹತ್ತಿರ ಹೆಂಗಸರಿಗೆಂದೇ ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ನಲವತ್ತೊಂದನೇ ವಯಸ್ಸಿನಲ್ಲಿ, ಮೊದಲನೇ ಟೆಸ್ಟಿನಲ್ಲೇ, ವನಮಾಲಾರಿಗೆ ಲೈಸೆನ್ಸ್ ಬಂತು. ಮೋಹಿನಿ ಅಷ್ಟಕ್ಕೇ ಬಿಡಲಿಲ್ಲ. "ನಿನ್ನ ಹಾಗೆ ತಾಳ್ಮೆ ಇರೋರು ನನಗೆ ಬೇಕು. ಒಂದನೇ ತಾರೀಖಿನಿಂದ ಬೆಳಗಿನ ಬ್ಯಾಚಿಗೆ ನೀನೇ ಟೀಚರ್," ಎಂದಳು. ವನಮಾಲಾ ಆಗಲೂ ಹೆಚ್ಚು ಮಾತಾಡಲಿಲ್ಲ. ಆದರೆ ಸಂಜೆ ಒಂದು ನೀಲಿ ರಟ್ಟಿನ ನೋಟ್‌ಬುಕ್ ತಂದು, ಮೊದಲ ಪುಟದಲ್ಲಿ ದುಂಡಗೆ 'ಕ್ಲಚ್' ಎಂದು ಬರೆದರು.

ಸತ್ಯಮೂರ್ತಿಗೆ ಇದು ಅಷ್ಟಾಗಿ ರುಚಿಸಲಿಲ್ಲ. "ಸ್ಕೂಲಿನಲ್ಲಿ ಕಲಿಸೋದು ಬರೀ ಅಕ್ಷರ. ಕಾವ್ಯ ನಾನು ಹೇಳಿಕೊಡ್ತೀನಿ, ಬಾ!" ಎಂದು ಒಂದು ಭಾನುವಾರ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇಗೆ ಹೊರಟರು. ಗೇಟು ದಾಟುವ ಮೊದಲೇ ಷರತ್ತು ಹಾಕಿದರು: "ನಾನು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು. ಪ್ರಶ್ನೆ ಏನಿದ್ದರೂ ಕೊನೇಲಿ."

ವನಮಾಲಾ ಸುಮ್ಮನಿದ್ದರು.

"ಡ್ರೈವಿಂಗ್ ಅನ್ನೋದು ಕಣ್ಣಿನ ವಿದ್ಯೆ. ಕಣ್ಣು ಸದಾ ರಸ್ತೆ ಮೇಲಿರಬೇಕು!" ಎಂದರು ಸತ್ಯಮೂರ್ತಿ, ಹೆಂಡತಿಯ ಮುಖ ನೋಡುತ್ತಾ. "ಅಕ್ಕಪಕ್ಕ ನೋಡಿದೆವೋ, ಕೆಟ್ಟೆವು! ಎಷ್ಟೋ ಜನ ಮಾತಾಡ್ತಾ ಓಡಿಸ್ತಾರೆ. ಅಂಥ ಮೂರ್ಖರಿಗೆ ಏನನ್ನಬೇಕು?"

ವನಮಾಲಾ ಯಾಕೋ ಎರಡೂ ಕೈಯಿಂದ ಡ್ಯಾಷ್‌ಬೋರ್ಡ್ ಹಿಡಿದುಕೊಂಡರು. ಪಾಠದ ಮೇಲೆ ಇಷ್ಟು ಏಕಾಗ್ರತೆಯೇ ಎಂದು ಸತ್ಯಮೂರ್ತಿಗೆ ಹೃದಯ ತುಂಬಿ ಬಂತು. ಮರುಕ್ಷಣ ರಸ್ತೆ ರಿಪೇರಿಗೆಂದು ಬದಿಯಲ್ಲಿ ನಿಲ್ಲಿಸಿದ್ದ ರೋಡ್ ರೋಲರಿನ ಬೆನ್ನಿಗೆ ಫಿಯಟ್ ಹೋಗಿ ಅಪ್ಪಳಿಸಿತು.

ರೋಲರಿಗೆ ಗೀರೂ ಬೀಳಲಿಲ್ಲ! ಫಿಯಟ್ಟಿನ ಮೂತಿ ಮಾತ್ರ ಒಳಗಿದ್ದವರ ಯೋಗಕ್ಷೇಮ ವಿಚಾರಿಸಲು ಮುಂದಿನ ಗಾಜಿನ ತನಕ ಬಂದಿತ್ತು. ವನಮಾಲಾರ ಎರಡು ಬಳೆ ಒಡೆದವು. ಸತ್ಯಮೂರ್ತಿಯವರ ಹಣೆಗೆ ಸ್ಟೀರಿಂಗ್ ಚಕ್ರ ತನ್ನ ಮುದ್ರೆ ಒತ್ತಿತು. ರೋಲರಿನ ನೆರಳಲ್ಲಿ ಮಲಗಿದ್ದವನೊಬ್ಬ ಎದ್ದು ಬಂದು, ತನ್ನ ಯಂತ್ರವನ್ನೊಮ್ಮೆ ಸವರಿ ನೋಡಿ, "ಕಾಹೀ ನಾಹೀ ಝಾಲಂ," ಏನೂ ಆಗಿಲ್ಲ, ಎಂದು ಸಮಾಧಾನಪಟ್ಟು ಮತ್ತೆ ಮಲಗಿದ.

ಗಾಡಿಯನ್ನು ಎಳೆದು ತಂದು ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಇಟ್ಟದ್ದಾಯಿತು. ಬೈಕುಲ್ಲಾದಲ್ಲಿ ವರ್ಕ್‌ಶಾಪ್ ಇಟ್ಟಿದ್ದ ರಾಯಚೂರು ಕಡೆಯ ಮೆಕ್ಯಾನಿಕ್ ಮರೆಪ್ಪ ಬಂದು, ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಸಾಹೇಬ್ರ, ಇದಕ್ಕ ರಿಪೇರಿ ಅನ್ನಂಗಿಲ್ರೀ. ಪುನರ್ಜನ್ಮ ಅಂತಾರ. ಗಾಡಿ ರೇಟಿಗಿಂತ ಖರ್ಚ ಜಾಸ್ತಿ ಬರ್ತದ. ಇನ್ಶೂರೆನ್ಸಿನವ್ರು ಟೋಟಲ್ ಲಾಸ್ ಅಂತ ಪೂರಾ ರೊಕ್ಕ ಕೊಟ್ಟು ಗಾಡಿ ಒಯ್ತಾರ."

"ಒಯ್ಯೋದಾ? ನನ್ನ ಗಾಡಿ ನಾನು ಕೊಡಲ್ಲ!"

"ಇಟ್ಕೋಬೇಕಂದ್ರ ಮುರುಕು ಗಾಡೀದು ಏನು ಬೆಲಿ ಅದ, ಅಷ್ಟು ಮುರ್ಕೊಂಡು ಉಳಿದಿದ್ದು ಕೊಡ್ತಾರ. ಅದಕ್ಕ ನೀವು ಎರಡ ಮಾತು ನೆನಪಿಟ್ಕೊಳ್ರಿ. ಗುದ್ದೂಕಿಂತ ಮುಂಚಿನ ಗಾಡಿ ಬಂಗಾರ. ಗುದ್ದಿದ ಮ್ಯಾಲಿನ ಗಾಡಿ ಗುಜರಿ. ಅದಲಿ ಬದಲಿ ಆತು ಅಂದ್ರ ಮುಗೀತು ನೋಡ್ರಿ!"

ಸತ್ಯಮೂರ್ತಿ ಅಲ್ಲೇ, ಆ ತಗಡಿನ ರಾಶಿಯ ಮೇಲೆ ಕೈಯಿಟ್ಟು ಘೋಷಿಸಿದರು: "ದುಡ್ಡೂ ತರ್ತೀನಿ, ಗಾಡೀನೂ ಬಿಡಲ್ಲ! ಇಪ್ಪತ್ತು ವರ್ಷ ಫೈಲುಗಳ ಜೊತೆ ಗುದ್ದಾಡಿದವನು ನಾನು!"

ಆದರೆ ಮೊದಲನೇ ಫಾರಮ್ಮೇ ಅವರನ್ನು ಕೆಡವಿತು. 'ಅಪಘಾತದ ವೇಳೆ ವಾಹನ ಓಡಿಸುತ್ತಿದ್ದವರ ಹೆಸರು, ಲೈಸೆನ್ಸ್ ನಂಬರು.' ಪ್ಲಾಸ್ಟಿಕ್ ಕವರಿನಲ್ಲಿ ತಾಯಿತದ ಹಾಗೆ ಜೇಬಿನಲ್ಲಿಟ್ಟುಕೊಂಡಿದ್ದ ಲೈಸೆನ್ಸನ್ನು ತೆಗೆದು ನೋಡಿದರೆ ಅದರ ಆಯುಸ್ಸು ಮುಗಿದು ಎರಡು ವರ್ಷವಾಗಿತ್ತು! ಅದನ್ನು ಬರೆದರೆ ಕಂಪನಿ ಬಿಡಿಗಾಸೂ ಕೊಡುವುದಿಲ್ಲ. ಸತ್ಯಮೂರ್ತಿ ಪೆನ್ನು ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು.

"ನಿಂದು ಹೊಸಾ ಲೈಸೆನ್ಸ್ ಇದೆಯಲ್ಲ, ನಿನ್ನ ಹೆಸರು ಬರೀತೀನಿ. ಬರೀ ಹೆಸರು ತಾನೆ? ಏನಂತೀ?"

ವನಮಾಲಾ ಹುಳಿಗೆ ಒಗ್ಗರಣೆ ಹಾಕುತ್ತಿದ್ದರು. ಸಾಸಿವೆ ಏನೋ ಅಂದಿತು. ಅವರು ಏನೂ ಅನ್ನಲಿಲ್ಲ. ಅಂಗೀಕಾರ!

ಒಮ್ಮೆ ಬರೆದ ಮೇಲೆ ಎಲ್ಲ ಕಡೆಯೂ ಅದೇ ಕಥೆ ಹೇಳಬೇಕಾಯಿತು. ಹಣೆಯ ಬುಗುಟು ಕಾಣದಿರಲೆಂದು ಸತ್ಯಮೂರ್ತಿ ದಿನಾ ಮೂರು ಬೆರಳಿನ ವಿಭೂತಿ ಬಳಿಯತೊಡಗಿದರು. ಆಫೀಸಿನವರು ಇವರಿಗೆ ವೈರಾಗ್ಯ ಬಂತೆಂದುಕೊಂಡರು. "ಏನ್ಸಾರ್, ಮಿಸೆಸ್ಸು ರೋಲರಿಗೇ ಗುದ್ದಿದರಂತೆ?" ಎಂದು ಯಾರಾದರೂ ನಕ್ಕರೆ, ಅವರಿಗಿಂತ ಜೋರಾಗಿ ತಾವೇ ನಕ್ಕು, "ಲೇಡಿ ಡ್ರೈವರ್ ಅಲ್ಲವೇನಯ್ಯಾ!" ಎನ್ನುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಮಾತ್ರ ಯಾಕೋ ಎರಡನೇ ಸಲ ಹುಳಿ ಕೇಳದೆ ಎದ್ದುಬಿಡುತ್ತಿದ್ದರು.

ನಾಲ್ಕನೇ ದಿನ ಮೋಹಿನಿ ಬಂದಳು. ಸತ್ಯಮೂರ್ತಿ ಪೇಪರಿನ ಹಿಂದೆ ಅಡಗಿದರು.

"ವನಮಾಲಾ, ಬೇಜಾರು ಮಾಡ್ಕೋಬೇಡ. ಆ ಬ್ಯಾಚಿನ ವಿಷಯ ಸ್ವಲ್ಪ ದಿನ ಹೋಗ್ಲಿ. ರೋಲರಿಗೆ ಗುದ್ದಿದ ಟೀಚರ್ ಅಂದ್ರೆ ಹೆಂಗಸರು ಫೀಸು ವಾಪಸ್ ಕೇಳ್ತಾರೆ."

"ಹೂಂ," ಎಂದರು ವನಮಾಲಾ.

ಮೋಹಿನಿ ಹೋದ ಮೇಲೆ ಅವರು ನೀಲಿ ನೋಟ್‌ಬುಕ್ಕನ್ನು ಸೆರಗಿನಿಂದ ಒರೆಸಿ, ಸ್ಟೂಲು ಹತ್ತಿ, ಬೀರುವಿನ ಮೇಲೆ, ಹಳೆಯ ಕ್ಯಾಲೆಂಡರುಗಳ ಕೆಳಗೆ ಇಟ್ಟರು. ಸತ್ಯಮೂರ್ತಿ ಪೇಪರಿನ ಒಂದೇ ಸಾಲನ್ನು ಐದು ಸಲ ಓದಿದರು. ಏನಾದರೂ ಹೇಳಬೇಕೆನ್ನಿಸಿ, "ಕಾಫಿ ಇದೆಯಾ?" ಎಂದರು. ಕಾಫಿ ಬಂತು. ಅದಕ್ಕೆ ಸಕ್ಕರೆ ಇರಲಿಲ್ಲ. ಕೇಳುವ ಧೈರ್ಯ ಅವರಿಗೂ ಇರಲಿಲ್ಲ.

ಭಾನುವಾರ ನಷ್ಟ ಅಂದಾಜು ಮಾಡಲು ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬಂದರು. ಹೆಸರು ಹಿರಿಯಣ್ಣ, ಹಾಸನದ ಕಡೆಯವರು! ಸತ್ಯಮೂರ್ತಿ, "ನಮ್ಮವರೇ ಸಿಕ್ಕಿದರು!" ಎಂದು ಕೋಡುಬಳೆ, ಕಾಫಿ ಎಲ್ಲವನ್ನೂ ಕಾಂಪೌಂಡಿಗೇ ತರಿಸಿದರು. ಹಿರಿಯಣ್ಣ ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಕೋಡುಬಳೆ ಕಡಿಯುತ್ತಾ, ಟಾರ್ಚು ಬಿಟ್ಟು ಗಾಡಿಯೊಳಗೆಲ್ಲ ಇಣುಕಿದರು. ಬಿಲ್ಡಿಂಗಿನ ಅರ್ಧ ಜನ ಸುತ್ತ ನೆರೆದಿದ್ದರು. ಮೋಹಿನಿ ತನ್ನ ಬಾಗಿಲಲ್ಲೇ ನಿಂತಿದ್ದಳು.

"ಬ್ರೇಕ್ ಹೇಗಿತ್ತು?"

"ಬ್ರೇಕಾ? ನೆನೆಸಿಕೊಂಡರೆ ಸಾಕು, ನಿಲ್ಲೋದು!"

"ಟೈರು?"

"ಹೊಚ್ಚ ಹೊಸದು!"

"ಸ್ಟೀರಿಂಗು?"

"ಬೆಣ್ಣೆ ಸ್ವಾಮೀ, ಬೆಣ್ಣೆ!"

"ಮಳೆ ಇತ್ತಾ? ಎದುರಿಗೆ ಗಾಡಿ ಏನಾದ್ರೂ?"

"ಒಂದು ಹನಿ ಇಲ್ಲ, ಒಂದು ಸೈಕಲ್ ಇಲ್ಲ!"

ಹಿರಿಯಣ್ಣ ಪೆನ್ನು ನಿಲ್ಲಿಸಿದರು. "ಇಷ್ಟು ಒಳ್ಳೆ ಗಾಡಿ, ಖಾಲಿ ರಸ್ತೇಲಿ, ಹಾಡುಹಗಲು, ನಿಂತಿದ್ದ ರೋಲರಿಗೆ ಹೋಗಿ ಯಾಕೆ ಗುದ್ದಿತು?"

ಗಾಡಿಯ ಮೇಲೆ ಹೇರಿದ ಒಂದೊಂದು ಹೊಗಳಿಕೆಯೂ ಜಾರಿ ಹೆಂಡತಿಯ ತಲೆಯ ಮೇಲೇ ಬಿದ್ದಿದೆ ಎಂದು ಸತ್ಯಮೂರ್ತಿಗೆ ಹೊಳೆದದ್ದು ಆಗ.

"ಅದು... ಓಡಿಸಿದವರು..."

"ಗಮನ ಇರಲಿಲ್ವಾ?"

"ಹೂಂ."

"ಕಣ್ಣು ರಸ್ತೆ ಮೇಲಿರಲಿಲ್ಲ?"

"ಹೂಂ."

"ಗೊತ್ತಿಲ್ಲದಿದ್ದರೂ ಗೊತ್ತಿದೆ ಅನ್ನೋ ಜಂಬ?"

"...ಹೂಂ."

ಹಿರಿಯಣ್ಣ ಬರೆದುಕೊಂಡರು. ಹೆಸರೊಂದು ಬಿಟ್ಟು ಬರೆದದ್ದೆಲ್ಲ ನಿಜವೇ ಆಗಿತ್ತು.

"ಸರಿ. ಗಾಡಿ ಬೆಲೆ ಮೂವತ್ತೈದು ಸಾವಿರ ಒಪ್ಪಿದೆ. ಮುರುಕು ನೀವೇ ಇಟ್ಕೊಳ್ತೀರಿ ಅಂದ್ರೆ ಹತ್ತು ಸಾವಿರ ಕಳೀತೀನಿ."

"ಹತ್ತಾ! ಈ ತಗಡಿಗಾ? ಗುಜರಿಯವನು ಮೂಸೀನೂ ನೋಡಲ್ಲ!"

"ಟೈರು ಹೊಚ್ಚ ಹೊಸದು ಅಂದ್ರಿ."

"ಹೊಸದೇ. ಆದರೆ... ಪಾಪ, ನೊಂದಿದೆ."

"ಸ್ಟೀರಿಂಗ್ ಬೆಣ್ಣೆ ಅಂದ್ರಿ."

"ಈಗ ಕರಗಿದೆ!"

ಹಿರಿಯಣ್ಣನವರ ತುಟಿ ಮೊದಲ ಬಾರಿ ಸ್ವಲ್ಪ ಅಲುಗಿತು. ಹಗ್ಗಜಗ್ಗಾಟ ನಡೆದು, ಕೊನೆಗೆ ನಾಲ್ಕು ಸಾವಿರಕ್ಕೆ ಬಂದು ನಿಂತಿತು. ದುಡ್ಡೂ ಬಂತು, ಗಾಡಿಯೂ ಉಳಿಯಿತು! ಸತ್ಯಮೂರ್ತಿ ಇನ್ನೇನು ಕೈಕುಲುಕಬೇಕು, ಅಷ್ಟರಲ್ಲಿ ಹಿರಿಯಣ್ಣ ತಿರುಗಿ, "ತಾಯೀ, ಒಂದು ನಿಮಿಷ ಡ್ರೈವರ್ ಸೀಟಿನಲ್ಲಿ ಕೂತ್ಕೊಳ್ತೀರಾ?" ಎಂದರು.

ಸತ್ಯಮೂರ್ತಿ ಆರಡಿಗೆ ಎರಡಂಗುಲ ಕಡಿಮೆ. ಅವರ ಕಾಲಿಗೆ ತಕ್ಕಂತೆ ಪೂರ್ತಿ ಹಿಂದಕ್ಕೆ ತಳ್ಳಿದ್ದ ಸೀಟು ಗುದ್ದಿದ ಏಟಿಗೆ ಅಲ್ಲೇ ಕಚ್ಚಿಕೊಂಡಿತ್ತು. ವನಮಾಲಾ ಐದಡಿಯೂ ಇಲ್ಲ. ಅವರು ಹೋಗಿ ಕೂತರು. ಕಾಲು ಎಷ್ಟು ಚಾಚಿದರೂ ಚಪ್ಪಲಿ ಬ್ರೇಕಿನಿಂದ ಗೇಣುದೂರದಲ್ಲೇ ತೂಗಾಡಿತು. ಯಾರೋ ಕಿಸಕ್ಕೆಂದರು.

"ನೀವೇ ಓಡಿಸ್ತಿದ್ರಾ ತಾಯೀ?"

ವನಮಾಲಾ ಸುಮ್ಮನಿದ್ದರು. ಹಿರಿಯಣ್ಣನವರನ್ನೂ ನೋಡಲಿಲ್ಲ, ಮೋಹಿನಿಯನ್ನೂ ನೋಡಲಿಲ್ಲ. ತೂಗಾಡುವ ತಮ್ಮ ಚಪ್ಪಲಿಯನ್ನೇ ನೋಡುತ್ತಾ ಕೂತಿದ್ದರು. ಹದಿನೆಂಟು ವರ್ಷದಲ್ಲಿ ಮೊದಲ ಬಾರಿ ಸತ್ಯಮೂರ್ತಿಗೆ ಆ ಮೌನದೊಳಗೆ ಒಪ್ಪಿಗೆಯನ್ನು ತುರುಕಲು ಎಲ್ಲೂ ಜಾಗ ಸಿಗಲಿಲ್ಲ. ಬೆವರು ಇಳಿಯಿತು. ಬೆವರಿನ ಜೊತೆ ವಿಭೂತಿ ಇಳಿಯಿತು. ನೀಲಿ ಬುಗುಟು ಸೂರ್ಯೋದಯದಂತೆ ಎದ್ದು ಕಂಡಿತು.

"ನಾನು," ಎಂದರು.

"ಸ್ವಲ್ಪ ಜೋರಾಗಿ."

"ಓಡಿಸಿದ್ದು ನಾನು! ಲೈಸೆನ್ಸ್ ಮುಗಿದಿತ್ತು. ಗಮನ ಇಲ್ಲದವನೂ ನಾನೇ, ಜಂಬದವನೂ ನಾನೇ. ಆಕೆ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು!" ಮೋಹಿನಿಯ ಬಾಗಿಲಿಗೆ ಕೇಳಿಸಲೆಂದು ಕೂಗಿದ್ದು ಮೂರನೇ ಮಹಡಿಗೂ ಕೇಳಿಸಿತು.

"ಗೊತ್ತಿತ್ತು," ಎಂದರು ಹಿರಿಯಣ್ಣ. "ಸ್ಟೀರಿಂಗಿಗೂ ನಿಮ್ಮ ಹಣೆಗೂ ಟೇಪು ಹಿಡಿಯೋದೊಂದೇ ಬಾಕಿ ಇತ್ತು. ಫಾರಂ ವಾಪಸ್ ತಗೊಳ್ತೀರೋ, ನಾನೇ ವರದಿ ಬರೀಲೋ?"

"ತಗೊಳ್ತೀನಿ."

"ಹಾಗಾದರೆ ಗಾಡಿ ಪೂರ್ತಿ ನಿಮ್ಮದೇ. ಒಂದು ಪೈಸೆ ಕಡಿತ ಇಲ್ಲ." ಉಳಿದ ಒಂದು ಕೋಡುಬಳೆಯನ್ನು ಕೈಗೆತ್ತಿಕೊಂಡು ಅವರು ಹೊರಟುಹೋದರು.

ಸುದ್ದಿ ಕೇಳಿದ ಮರೆಪ್ಪ ಹಣೆ ಚಚ್ಚಿಕೊಂಡ. "ನಾ ಹೇಳಿದ್ದು ಎರಡ ಮಾತು. ಮೂರನೇದು ನಿಮಗ ಯಾರು ಹೇಳಂದ್ರು ಸಾಹೇಬ್ರ?" ಬಿಲ್ಡಿಂಗಿನವರು ಸತ್ಯಮೂರ್ತಿಗೆ ಬಡ್ತಿ ಕೊಟ್ಟು 'ರೋಲರ್‌ವಾಲೇ ಸಾಬ್' ಎಂದು ಕರೆಯತೊಡಗಿದರು. ಬೀರುವಿನ ಮೇಲಿನಿಂದ ನೋಟ್‌ಬುಕ್ ಇಳಿಯಿತು. ಸ್ಟೂಲು ಹತ್ತಿ ಇಳಿಸಿಕೊಟ್ಟವರು ಸತ್ಯಮೂರ್ತಿಯೇ.

ಲೈಸೆನ್ಸಿಗೆ ಮತ್ತೆ ಟೆಸ್ಟು ಕೊಡಬೇಕಾಯಿತು. ಮೋಹಿನಿ ಹೆಂಗಸರ ಸ್ಕೂಲಿನ ನಿಯಮವನ್ನು ಅವರೊಬ್ಬರಿಗಾಗಿ ಸಡಿಲಿಸಿದಳು. ಹಾಗಾಗಿ ಒಂದು ಬೆಳಿಗ್ಗೆ ಆರೂವರೆಯ ಬ್ಯಾಚಿನಲ್ಲಿ ಸತ್ಯಮೂರ್ತಿ ಸ್ಕೂಲಿನ ಕಾರಿನ ಚಕ್ರ ಹಿಡಿದು ಕೂತಿದ್ದರು. ಹಿಂದಿನ ಸೀಟಿನಲ್ಲಿ ತಮ್ಮ ಸರದಿಗೆ ಕಾಯುವ ಇಬ್ಬರು ಹೆಂಗಸರು. ಪಕ್ಕದಲ್ಲಿ ಟೀಚರ್ ವನಮಾಲಾ, ತೊಡೆಯ ಮೇಲೆ ನೀಲಿ ನೋಟ್‌ಬುಕ್. ಕಾರು ಇರುವೆಯ ಹಾಗೆ ಹೈವೇ ಹತ್ತಿತು. ಅದೇ ರೋಲರ್ ಅದೇ ಜಾಗದಲ್ಲಿ ನಿಂತಿತ್ತು. ಸತ್ಯಮೂರ್ತಿ ಉಸಿರು ಬಿಗಿಹಿಡಿದು ಅದನ್ನು ದಾಟಿದರು. ದಾಟಿದ ಮೇಲೆ ಬಹಳ ದಿನದಿಂದ ಒಳಗೇ ಕೊರೆಯುತ್ತಿದ್ದದ್ದು ಹೊರಬಂತು.

"ಒಂದು ಕೇಳ್ಲಾ? ಆವತ್ತು ಈ ರೋಲರ್ ನಿನಗೆ ಕಂಡಿರಲಿಲ್ವಾ?"

"ಪೆಟ್ರೋಲ್ ಪಂಪಿನ ಹತ್ತಿರಾನೇ ಕಂಡಿತ್ತು."

"ಅಷ್ಟು ದೂರದಿಂದ ಕಂಡೂ ಯಾಕೆ ಹೇಳಲಿಲ್ಲ?"

ವನಮಾಲಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ನೀವು ಮಾತಾಡ್ತಿದ್ರಿ."